ಗಂಜಿ ಕುಡಿಸಿದ ದೋಣಿ

ನನಗೆ ದೋಣಿ ಕಟ್ಟಲು ಬರುತ್ತದೆ. ಅದು ತೇಲಲೂಬೇಕು ಎಂದು ಹಟ ಹಿಡಿಯುವವರೊಂದಿಗೆ ನಾನು ವಾದ ಮಾಡುವುದಿಲ್ಲ. ಅಷ್ಟು ತ್ರಾಣ ಈಗ ಉಳಿದಿಲ್ಲ.

ಆಗ ನಮ್ಮ ಕಡೆ ಇನ್ನೂ ಅರಸರ ಆಳ್ವಿಕೆ. ನಾನು ರಬಕವಿಯಲ್ಲಿ ಸೀರೆ ನೇಯುವವನು. ಹೆಂಡತಿ ನೀಲವ್ವನ ತವರು ಕೃಷ್ಣೆಯ ಆಚೆ ದಂಡೆಯಲ್ಲಿ. ಸೇತುವೆ ಇರಲಿಲ್ಲವಾದ್ದರಿಂದ ಪ್ರತಿ ನಾಗರಪಂಚಮಿಗೆ ಆಕೆ ಉಂಡಿಯ ಬುಟ್ಟಿ ಹಿಡಿದು ಊರಿನ ನಾವೆಯಲ್ಲಿ ದಾಟುತ್ತಿದ್ದಳು. ಹಿಂದಿನ ವರ್ಷ ನಾವೆಯಲ್ಲಿ ಜನ, ಆಡು, ಮೂಟೆಗಳ ನೂಕಾಟಕ್ಕೆ ಸಿಕ್ಕು ಉಂಡಿಗಳೆಲ್ಲ ಪುಡಿಯಾದವು. “ಉಂಡಿ ತಂದಾಳೋ, ಹಿಟ್ಟು ತಂದಾಳೋ?” ಎಂದು ಅತ್ತಿಗೆಯಂದಿರು ನಕ್ಕರು. ಆ ನಗುವಿನ ಕಥೆಯನ್ನು ನಾನು ವರ್ಷವಿಡೀ ಊಟದ ಜೊತೆ ಕೇಳಿದೆ.

“ಇನ್ನ ಆ ನಾವಿ ನಾ ಹತ್ತೂದಿಲ್ಲ. ತವರಮನಿನ ಇಲ್ಲಂತ ತಿಳಕೋತೇನಿ,” ಎಂದಳು.

ಪಂಚಮಿಗೆ ತವರು ತಪ್ಪಿದ ಹೆಂಡತಿಯೊಡನೆ ಒಂದೇ ಸೂರಿನಡಿ ಇರುವುದನ್ನು ನೆನೆದೇ ನನಗೆ ಸುಸ್ತಾಯಿತು. “ನಾ ದೋಣಿ ಮಾಡಿ ಕರಕೊಂಡು ಹೋಗ್ತೇನಿ,” ಅಂದುಬಿಟ್ಟೆ.

“ನೀವಾ?” ಎಂದಳು.

ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಕಲ್ಲಪ್ಪಜ್ಜನ ಶಿಷ್ಯತ್ವವನ್ನು ವಿಧಿವತ್ತಾಗಿ ಸ್ವೀಕರಿಸಿದೆ. ಮಗ್ಗದ ಮುಂದೆ ಕುಳಿತು ಬೆಳೆದ ಮೈ ಮರ ಕೆತ್ತುವ ಬಾಚಿಯನ್ನು ಹಿಡಿಯಲು ಒಪ್ಪಲಿಲ್ಲ. ನಾನು ಕೆತ್ತಿದ ಮೊದಲ ಹಲಗೆಯ ಮೇಲೆ ಅಜ್ಜ ಕುಳಿತು ರೊಟ್ಟಿ ತಿಂದ. ಮುಂದಿನದು ಒಲೆಗೆ ಹೋಯಿತು. ಸಂಜೆ ಮನೆಗೆ ಬಂದರೆ ಕೂರಲೂ ಆಗದು, ಮಲಗಲೂ ಆಗದು. ನೀಲವ್ವ ಬೆನ್ನಿಗೆ ಬಿಸಿನೀರು ಹಾಕುತ್ತ, “ದೋಣಿ ಎಲ್ಲಿಗಿ ಬಂತ್ರಿ?” ಎಂದು ಕೇಳುತ್ತಿದ್ದಳು. ಬೆನ್ನಿಗೆ ಬಂದಿತ್ತು.

ಅಂತೂ ಅಜ್ಜನೇ ಬಹುಪಾಲು ಕೆಲಸ ಮಾಡಿ, ನಾನು ಬಹುಪಾಲು ನರಳಿ, ದೋಣಿ ನಿಂತಿತು. ಹಲಗೆಗಳ ನಡುವಿನ ಸಂದಿ ತುಂಬುವುದೊಂದೇ ಬಾಕಿ.

“ಹತ್ತಿ ನೂಲಿಗೆ ಎಣ್ಣಿ, ರಾಳ ಕುಡಿಸಿ ಗಚ್ಚಗ ತುಂಬು,” ಎಂದು ಹೇಳಿ ಅಜ್ಜ ಮಗಳ ಊರಿಗೆ ಹೊರಟ. “ನೂಲಿನ ಕೆಲಸ ನಿನಗ ಹೇಳಿಕೊಡಬೇಕೇನು?”

ಈ ಮಾತೇ ನನ್ನ ತಲೆ ಕೆಡಿಸಿತು. ಎಣ್ಣೆ ಕುಡಿದ ನೂಲು ಮೆತ್ತಗೆ ಬಾಗುತ್ತಿತ್ತು, ಸಂದಿಗೆ ಇಳಿಯುತ್ತಿರಲಿಲ್ಲ. ನೂಲು ಗಟ್ಟಿಯಾಗಲು ಏನು ಮಾಡಬೇಕೆಂದು ನೇಕಾರನಿಗೆ ಗೊತ್ತಿಲ್ಲವೇ? ಮನೆಯಲ್ಲಿ ಮಗ್ಗದ ಹಾಸುನೂಲಿಗೆ ಹಾಕುವ ಜೋಳದ ಗಂಜಿಯನ್ನೇ ತಂದು ನೂಲಿಗೆ ಕುಡಿಸಿ ಒಣಗಿಸಿದೆ. ಕಡ್ಡಿಯಂತೆ ನೆಟ್ಟಗಾಯಿತು. ಒಂದು ಸಂದಿಯನ್ನೂ ಬಿಡದೆ ತುಂಬಿದೆ. ಇಷ್ಟು ಸುಲಭದ ಉಪಾಯ ಅಜ್ಜನಿಗೆ ಹೊಳೆಯಲಿಲ್ಲವಲ್ಲ ಎಂದು ಮರುಗಿದೆ ಕೂಡ.

ಪಂಚಮಿಯ ದಿನ ನೀಲವ್ವ ಹೊಸ ಸೀರೆಯುಟ್ಟು, ಬುಟ್ಟಿಯನ್ನು ಮಡಿಲಲ್ಲಿಟ್ಟು ಕುಳಿತಳು. ಹುಟ್ಟು ಹಾಕಿದೆ. ದೋಣಿ ತೇಲಿತು! ಅತ್ತಿಗೆಯಂದಿರಿಗೆ ಏನು ಹೇಳಬೇಕೆಂದು ನಾವಿಬ್ಬರೂ ಮಾತಾಡಿಕೊಳ್ಳುತ್ತ ದಂಡೆಯ ಗುಂಟ ಸ್ವಲ್ಪ ದೂರ ಸಾಗಿದೆವು.

“ಏನ್ರೀ, ಕಾಲಾಗ ಬಿಳಿ ನೀರು ಬರಾಕತ್ತೇತಿ,” ಎಂದಳು ನೀಲವ್ವ. ಬಗ್ಗಿ ಮೂಸಿದಳು. “ಇದು ನಮ್ಮನಿ ಗಂಜಿ ವಾಸನಿ ಅಲ್ರೀ?”

ನೆನೆದ ಗಂಜಿ ಸಂದಿ ಬಿಟ್ಟು ಹೊಳೆಗೆ ಸೇರುತ್ತಿತ್ತು. ನೂಲು ಒಂದೊಂದಾಗಿ ಕಳಚಿ ಬಂತು. ಗಂಜಿಯ ವಾಸನೆಗೆ ಮೀನುಗಳು ಮುತ್ತಿದವು. ಹುಟ್ಟಿದಾರಭ್ಯ ಮೀನು ಮುಟ್ಟದ ನಾನು ಅವುಗಳಿಗೆ ಹಬ್ಬದ ಊಟ ಹಾಕಿದ್ದೆ. ದೋಣಿ ಮೆಲ್ಲಗೆ, ಯಾವ ಗಡಿಬಿಡಿಯೂ ಇಲ್ಲದೆ, ಸೊಂಟಮಟ್ಟದ ನೀರಿನಲ್ಲಿ ಕುಳಿತುಕೊಂಡಿತು.

ನೀಲವ್ವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ದಂಡೆ ಹತ್ತಿದಳು. ಉಂಡಿ ನೆಂದಿರಲಿಲ್ಲ. ಸೀರೆ ಹಿಂಡಿಕೊಳ್ಳುತ್ತ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಉಂಡಿ ನಾ ಒಯ್ತೇನಿ. ನೀವು ಮೀನಿಗಿ ಗಂಜಿ ಹಾಕ್ರಿ,” ಎಂದು ನಾವೆಯ ಕಡೆಗೆ ನಡೆದಳು.

ನಾವೆ ಕಿಕ್ಕಿರಿದಿತ್ತು. ಅದರಲ್ಲಿದ್ದವರೆಲ್ಲ ನಮ್ಮ ಪ್ರಯಾಣವನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದರು. ಒಬ್ಬ ಮುದುಕಿ ಎದ್ದು ಹೇಳಿದ್ದು ನೀರಿನಲ್ಲಿ ನಿಂತಿದ್ದ ನನಗೂ ಕೇಳಿಸಿತು.

“ಪಾಪ, ಆಕಿಗಿ ಜಾಗಾ ಬಿಡ್ರಿ. ಆಕಿ ಗಂಡ ದೋಣಿ ಮಾಡ್ಯಾನ.”

ಆಡು ಸರಿಯಿತು, ಮೂಟೆಗಳು ಸರಿದವು. ನೀಲವ್ವ ಕಾಲು ಚಾಚಿ ಕುಳಿತಳು. ಒಂದು ಉಂಡಿಯೂ ಒಡೆಯದೆ ಬುಟ್ಟಿ ತವರು ಮುಟ್ಟಿತು. ಮರುವರ್ಷವೂ ಆಕೆಗೆ ಅದೇ ಜಾಗ ಸಿಕ್ಕಿತು, ಅದೇ ಕಾರಣಕ್ಕೆ.