ಯಜಮಾನ್ರ ಹೆಸರಿನ ಪಾಸ್‌ವರ್ಡ್

ನಮ್ಮ ಚಾಳಿನ್ಯಾಗ ಒಂದು ದಿನ ಸುದ್ದಿ ಹುಟ್ಟಲಿಲ್ಲಂದ್ರ ನನಗ ಉಂಡ ಅನ್ನ ಕರಗಂಗಿಲ್ಲ. ಗೋವಾಕ್ಕ ಬಂದ ಮ್ಯಾಲೆ ಅಂಥಾ ದಿನ ಬಂದಿಲ್ಲ ಬಿಡ್ರಿ. ಈ ಸಲ ಸುದ್ದಿ ನಮ್ಮ ಮನ್ಯಾಗ ಹುಟ್ಟೇತಿ. ನನ್ನ ಸೊಸಿ ನಾಕು ಕಂಪ್ಯೂಟರ್ ಇಟ್ಟು ಹುಡುಗರಿಗೆ ಕ್ಲಾಸ್ ನಡಸ್ತಾಳ. ಆದ್ರ ವೈಫೈ ಹೆಂಗಂದ್ರ, ಒಂದು ನಡದ್ರ ಮೂರು ನಿಲ್ತಿದ್ವು. "ಐತವಾರದೊಳಗ ಸರಿ ಆಗಲಿಲ್ಲಂದ್ರ ಹುಡುಗರನ್ನ ಬಿಡಸ್ತೇವಿ" ಅಂತ ತಾಯಂದಿರು ಹೇಳಿ ಹ್ವಾದ್ರು. ಸೊಸಿ ಕಣ್ಣಾಗ ನೀರು.

೧. ದೃಷ್ಟಿ

ನೆಟ್ ಜೋಡಸಾಂವ ಬಂದ, ಗೋವಾದಾಂವ, ನಮ್ಮ ಮಾತೂ ಬರ್ತಿತ್ತು. ದೇವರ ಗೂಡಿನ್ಯಾಗ ಇಣುಕಿ, "ಆಜಿ, ಹೆಂ ಕಿತೆಂ?" ಅಂದ, ಅಜ್ಜಿ ಇದೇನು ಅಂತ. ವೈಫೈ ಡಬ್ಬಿ ನಾನ ಅಲ್ಲಿ ಇಟ್ಟು, ಮುಂದ ತಾಮ್ರದ ಕೊಡ ನಿಲ್ಲಿಸಿದ್ದೆ.

"ಮಂದಿ ದೃಷ್ಟಿ ಬೀಳಬಾರದಂತ" ಅಂದೆ.

"ದೃಷ್ಟಿ ಅಷ್ಟ ಅಲ್ಲ ಆಜಿ, ಸಿಗ್ನಲ್ಲೂ ಈ ಕೊಡ ದಾಟಂಗಿಲ್ಲ!"

ಡಬ್ಬಿ ಕಪಾಟಿನ ಮ್ಯಾಲೆ ಏರಿತು. ಎರಡು ಕಂಪ್ಯೂಟರ್ ಓಡಿದ್ವು.

೨. ಹೆಸರು

"ಹೊರಗಿನವರು ಯಾರೋ ನಿಮ್ಮ ನೆಟ್ ಬಳಸಾಕತ್ತಾರ. ಹೊಸಾ ಪಾಸ್‌ವರ್ಡ್ ಹೇಳ್ರಿ" ಅಂದ ಆಂವ.

ಸೊಸಿ, "ನಮ್ಮ ಯಜಮಾನ್ರ ಹೆಸರ ಇಡ್ರಿ" ಅಂದ್ಲು.

"ಏನು ಹೆಸರು?"

"ನಮ್ಮ ಯಜಮಾನ್ರು."

"ಅದ ರೀ, ಅವರ ಹೆಸರು?"

ಕಂಪ್ಯೂಟರ್ ಕಲಸ್ತಾಳ, ಗಂಡನ ಹೆಸರು ಮಾತ್ರ ಬಾಯಿಂದ ತಗಿಯಂಗಿಲ್ಲ! ಆಂವ ಬ್ಯಾಸತ್ತು ಆಕಿ ಹೇಳಿದ್ದನ್ನ ಹಂಗ ಟೈಪ್ ಮಾಡಿ ಹ್ವಾದ.

ವೆರ್ಣಾದ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಬಂದ ನನ್ನ ಮಗ ಪಾಸ್‌ವರ್ಡ್ ಅಂತ ತನ್ನ ಹೆಸರು ಹಾಕಿ ಹಾಕಿ ಸಾಕಾದ. "ಯವ್ವಾ, ನನ್ನ ಮನ್ಯಾಗ ನನ್ನ ಹೆಸರು ನಡಿಯವಲ್ದು!"

"ಮದಿವಿ ಆದಾಗಿಂದ ನಡದಿಲ್ಲೋ, ನಿನಗ ಇವತ್ತ ಗೊತ್ತಾತೇನು?" ಅಂದೆ.

೩. ಕಳ್ಳಿ

ನಾಕೂ ಕಂಪ್ಯೂಟರ್ ಕುದರಿ ಓಡಿದಂಗ ಓಡಿದ್ವು. ಮರುದಿನ ನೋಡ್ರಿ, ಮ್ಯಾಲಿನ ಮನಿಯಾಕಿ ಫೋನಿನ ಧಾರಾವಾಹಿ ಸದ್ದ ಇಲ್ಲ! ಸಂಜೀಕ ವಾಟಗಾ ಹಿಡಕೊಂಡು ಇಳದ್ಲು. "ಅಕ್ಕಾ, ಒಂಚೂರು ಹೆಪ್ಪು ಕೊಡ್ರಿ." ಕೊಟ್ರೂ ಹೋಗವಲ್ಲಳು. "ಪಾಸ್‌ವರ್ಡ್ ಬದಲಾತೇನ್ರಿ?"

ಸೊಸಿ ಖರೇನ ಹೇಳಿದ್ಲು: "ಹೌದ್ರಿ. ನಮ್ಮ ಯಜಮಾನ್ರು."

ಅಷ್ಟ ಸಾಕಾತು. ಆಕಿ ಮೆಟ್ಟಲ ಮ್ಯಾಲೆ ಕುಂತು ನನ್ನ ಮಗನ ಹೆಸರು ಬಾಯಾಗ ಅನ್ಕೋತ, ಫೋನಿನ್ಯಾಗ ಒತ್ತಾಕತ್ತಿದ್ಲು. ಆಗ್ತಿಲ್ಲ, ಮತ್ತ ಅದ ಹೆಸರು. ಪಾಳಿ ಮುಗಿಸಿ ಬಂದ ಆಕಿ ಗಂಡ ಹಿಂದ ನಿಂತು ಕೇಳಸ್ಕೊಂಡ.

"ಏನ, ಕೆಳಗಿನಾಂವನ ಹೆಸರು ಜಪಾ ಮಾಡಾಕತ್ತೀ?"

ಚಾಳೆಲ್ಲಾ ಬಾಗಲಿಗೆ ಬಂತು. ನಾ ಸ್ಟೂಲ್ ಹೊರಗ ತಂದು ಕುಂತೆ.

"ದೇವರಾಣಿ, ಅಂಥಾದ್ದೇನಿಲ್ರಿ!" ಆಕಿ ಬೊಬ್ಬಿ ಹೊಡದ್ಲು. "ನಾ ಬರೇ ಅವರ ನೆಟ್ ಕದಿಯಾಕತ್ತೇನಿ!"

ಆ ಗುಂಪಿನ್ಯಾಗ ಕ್ಲಾಸಿನ ತಾಯಂದಿರೂ ಇದ್ರು. ಒಬ್ಬಾಕೀನೂ ಹುಡುಗರನ್ನ ಬಿಡಸಲಿಲ್ಲ. ನನ್ನ ಸೊಸಿ ಅಂದ್ರ ಸುಮ್ನ ಏನ್ರಿ? ಸುಳ್ಳು ಹೇಳಲಿಲ್ಲ, ಜಗಳ ತಗಿಲಿಲ್ಲ, ಕಳ್ಳೀನ ಹಿಡದ್ಲು. ಗಂಡನ ಹೆಸರೂ ಹೇಳಲಿಲ್ಲ. ಅದನ್ನ ಹೇಳಾಕ ಮ್ಯಾಲಿನ ಮನಿಯಾಕಿ ಇದ್ದಳಲ್ಲ!