ವ್ಯಾಸರಾಜ ಹಾರಿದ ಕಲ್ಲು

ಅಮೇರಿಕಾದ ಕ್ಯುಪರ್ಟಿನೋದ ಪಾರ್ಕೊಂದರಲ್ಲಿ, ಹುಲ್ಲುಹಾಸಿನ ಅಂಚಿಗೆ, ಸೊಂಟದೆತ್ತರದ ಒಂದು ಕಲ್ಲು ಇತ್ತು. ಅದರಿಂದ ಯಾರಿಗೂ ಉಪಕಾರವಿರಲಿಲ್ಲ, ತೊಂದರೆಯೂ ಇರಲಿಲ್ಲ. ಒಂದು ಶುಕ್ರವಾರ ಬೆಳಗ್ಗೆ ಏಳು ಗಂಟೆಗೆ ವ್ಯಾಸರಾಜ ಅದರ ಮುಂದೆ ಬಂದು ನಿಂತ. ಅಲ್ಲಿಂದ ತೊಂದರೆ ಶುರುವಾಯಿತು.

ವ್ಯಾಸರಾಜನಿಗೆ ನಲವತ್ತೈದು ವರ್ಷ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಕೆಲಸ. ಅದರಿಂದಲೋ ಏನೋ, ಲೋಕವೆಲ್ಲ ತನ್ನ ತಪ್ಪು ಹುಡುಕುತ್ತಿದೆಯೆಂದು ಅವನಿಗೆ ಸದಾ ಅಳುಕು. ಅಂಥವನು ಹನ್ನೊಂದು ವರ್ಷದ ಮಗಳು ಸಂಯುಕ್ತಾಳ ಒತ್ತಾಯಕ್ಕೆ ಅವಳ ಜೊತೆ ಪಾರ್ಕೋರ್ ತರಗತಿಗೆ ಸೇರಿದ್ದ. ದಾರಿಗೆ ಅಡ್ಡ ಬಂದ ಗೋಡೆ, ಕಟ್ಟೆ, ಬೆಂಚುಗಳನ್ನು ಸುತ್ತಿಕೊಂಡು ಹೋಗದೆ ಹಾರಿಕೊಂಡು ಹೋಗುವ ವಿದ್ಯೆ ಅದು. ನಾಲ್ಕು ಗೋಡೆಯ ಒಳಗೆ, ಮೆತ್ತನೆಯ ಹಾಸಿನ ಮೇಲೆ ಅವನು ಮೊಲದಂತೆ ಹಾರುತ್ತಿದ್ದ. ಬಯಲಿನಲ್ಲಿ ಒಬ್ಬರು ತಿರುಗಿ ನೋಡಿದರೂ ಸಾಕು, ಕಾಲು ಹಸಿ ಸಿಮೆಂಟಿನಲ್ಲಿ ಹೂತಂತಾಗುತ್ತಿತ್ತು.

ಭಾನುವಾರ ಅಪ್ಪ-ಮಕ್ಕಳ ಪ್ರದರ್ಶನವಿತ್ತು. ಕೋಚು ಒಂದು ಷರತ್ತು ಹಾಕಿದ್ದ. ಪ್ರತಿಯೊಬ್ಬ ಅಪ್ಪನೂ ಸಾರ್ವಜನಿಕ ಜಾಗದಲ್ಲಿ, ಜನ ನೋಡುತ್ತಿರುವಾಗಲೇ ಒಂದು ಅಡೆತಡೆಯನ್ನು ಹಾರಿ, ಶುಕ್ರವಾರ ಸಂಜೆ ಆರರೊಳಗೆ ವಿಡಿಯೋ ಕಳಿಸಬೇಕು. ಕಳಿಸದವರ ಜಾಗಕ್ಕೆ ಕಾಯುತ್ತಿದ್ದ ಕುಟುಂಬಗಳು ಬೇಕಾದಷ್ಟಿದ್ದವು.

"ಯೂ ವೋಂಟ್ ಡೂ ಇಟ್, ಅಪ್ಪಾ," ಎಂದು ಸಂಯುಕ್ತಾ ಹಿಂದಿನ ದಿನ ಹೇಳಿದ್ದಳು. ಕೋಪದಿಂದಲ್ಲ, ನಾಳೆ ಬಿಸಿಲಿರುತ್ತದೆ ಎಂದು ಹೇಳುವ ಧಾಟಿಯಲ್ಲಿ. ಕೋಪ ಮಾಡಿಕೊಂಡಿದ್ದರೆ ಅವನು ರಾತ್ರಿ ನಿದ್ದೆ ಮಾಡುತ್ತಿದ್ದ.

ಸಂಜೆ ಮಗಳ ಮುಂದೆ ಹಾರುವ ಮೊದಲು ಬೆಳಗ್ಗೆ ಗುಟ್ಟಾಗಿ ಅಭ್ಯಾಸ ಮಾಡೋಣವೆಂದು ಬಂದಿದ್ದ. ಇಬ್ಬನಿಗೆ ನೆಂದ ಶೂ ಜಾರುತ್ತದೆಂದು ಬಿಚ್ಚಿ ಪಕ್ಕಕ್ಕಿಟ್ಟ. ಕೋಚು ಕಲಿಸಿದ್ದಂತೆ, ಪಾಚಿ ಇದೆಯೇ ಎಂದು ನೋಡುತ್ತ ಕಲ್ಲನ್ನು ಮೂರು ಸುತ್ತು ಸುತ್ತಿದ. ಎರಡು ಅಂಗೈಯನ್ನೂ ಅದರ ಮೇಲೆ ಒತ್ತಿ ನೋಡಿದ. ಕೊನೆಗೆ ಕಣ್ಣು ಮುಚ್ಚಿ, ಉಸಿರು ಎಣಿಸುತ್ತ ತುಟಿ ಅಲ್ಲಾಡಿಸಿದ.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಬಂಗಾರೆವ್ವ ನಿಂತಿದ್ದಳು. ಇಳಕಲ್ ಸೀರೆ, ಅದರ ಮೇಲೆ ಮಗನ ಕಂಪನಿಯ ಜಾಕೆಟ್ಟು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದ ಆಕೆ ದಿನಾ ಬೆಳಗ್ಗೆ ಸಂಗಡಿಗರೊಂದಿಗೆ ಪಾರ್ಕಿನಲ್ಲಿ ವಾಕಿಂಗು ಮಾಡುತ್ತಿದ್ದಳು. ಈಗ ಅವಳೂ ಶೂ ಬಿಚ್ಚಿಟ್ಟು ಕೈ ಮುಗಿದಿದ್ದಳು.

"ಯಾವ ದೇವರೋ ತಮ್ಮಾ ಇದು?"

ಕಲ್ಲು ಹಾರಕ್ಕೆ ಬಂದಿದೀನಿ. ಮೂರೇ ಮಾತು. ಗಂಟಲವರೆಗೆ ಬಂದು, ಹೊರಗೆ ಇಣುಕಿ, ಹಿಂದಕ್ಕೆ ಹೋದವು.

"ಅದೂ... ಸುಮ್ನೆ... ಒಂದು ಹರಕೆ," ಎಂದ.

"ಹೆಸರೇನು ನಿಂದು?"

"ವ್ಯಾಸರಾಜ."

"ಹಂಗಾರ ಕೇಳೂದೇನೈತಿ! ಆ ವ್ಯಾಸರಾಯರು ಊರೂರಿಗೆ ಹನುಮಪ್ಪನ್ನ ನಿಲ್ಲಿಸಿದ್ರು. ನೀ ಅಮೇರಿಕಾದಾಗ ನಿಲ್ಲಿಸಿದಿ!"

"ಅಯ್ಯೋ, ನಾನು ನಿಲ್ಸಿಲ್ಲಮ್ಮಾ. ಇದು ಮೊದ್ಲಿಂದ್ಲೂ ಇಲ್ಲೇ ಇತ್ತು."

"ಉದ್ಭವ!" ಎಂದು ಬಂಗಾರೆವ್ವ ಕೆನ್ನೆ ಬಡಿದುಕೊಂಡಳು.

ಹಿಂದೆ ಬರುತ್ತಿದ್ದ ಮಂಡ್ಯದ ದೊಡ್ಡತಾಯಮ್ಮ ಓಡಿ ಬಂದಳು. ಚೀಲದಿಂದ ಕುಂಕುಮದ ಭರಣಿ ತೆಗೆದು ಕಲ್ಲಿಗೆ ಹಚ್ಚಿದಳು. ನಿವೃತ್ತ ಮೇಷ್ಟರು ಬಸವಂತಪ್ಪ ಸೂರ್ಯನನ್ನು ನೋಡಿ, ಕಲ್ಲನ್ನು ನೋಡಿ, "ದಕ್ಷಿಣಕ್ಕ ಮುಖ ಐತಿ. ಅನುಮಾನ ಇಲ್ಲ," ಎಂದು ತೀರ್ಪು ಕೊಟ್ಟರು. ವ್ಯಾಸರಾಜ, ಮೀಟಿಂಗು ಇದೆಯೆಂದು ಹೇಳಿ, ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಗೆ ನಡೆದ. ಅದನ್ನು ಕಂಡು ಅವನ ಭಕ್ತಿಯ ಬಗ್ಗೆ ಉಳಿದಿದ್ದ ಸಂಶಯವೂ ಹೋಯಿತು.

ಮಧ್ಯಾಹ್ನ ಒಂದಕ್ಕೆ ಹಿರಿಯರೆಲ್ಲ ಊಟ ಮಾಡಿ ಮಲಗಿರುತ್ತಾರೆಂದು ಅವನು ಮತ್ತೆ ಬಂದ. ಹಿರಿಯರು ಇರಲಿಲ್ಲ. ಆದರೆ ಕಲ್ಲು ಗುಲಾಬಿ, ಸೇವಂತಿಗೆಗಳಲ್ಲಿ ಮುಳುಗಿತ್ತು. ಅದರ ಮುಂದೆ, ಅವನದೇ ಬೀದಿಯ ಕೊನೆಯ ಮನೆಯ ಅಮೇರಿಕನ್ ಹೆಂಗಸು, ನಾಯಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದಳು.

ಆ ದೇಶದಲ್ಲಿ ಬಯಲಿನಲ್ಲಿ ಹೂವಿನ ರಾಶಿ ಕಂಡರೆ ಅರ್ಥ ಒಂದೇ. ಅಲ್ಲಿ ಯಾರೋ ತೀರಿಕೊಂಡಿದ್ದಾರೆ.

"ನಿಮಗೆ ತುಂಬ ಹತ್ತಿರದವರೇ?" ಎಂದು ಆಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

ವ್ಯಾಸರಾಜ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ಮುಚ್ಚಿದ. ಮಾತೇ ಹೊರಡದಷ್ಟು ದುಃಖವನ್ನು ಕಂಡು ಆಕೆಯ ಕಣ್ಣು ತುಂಬಿತು. ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ನಾಯಿ ಅವನ ಮೊಣಕಾಲು ನೆಕ್ಕಿತು.

ಸಂಜೆ ಐದೂವರೆಗೆ ಸಂಯುಕ್ತಾ ಫೋನು ಹಿಡಿದು ಅಪ್ಪನ ಜೊತೆ ಪಾರ್ಕಿಗೆ ಬಂದಳು. ಕಲ್ಲಿನ ಈಚೆ ಹಿರಿಯರು ಹದಿನೈದು ಜನ ಚಾಪೆ ಹಾಸಿ ಕೂತು ಹನುಮಂತನ ಭಜನೆ ಮಾಡುತ್ತಿದ್ದರು. ಆಚೆ, ಅವನ ಬೀದಿಯ ಅಮೇರಿಕನ್ನರು ಹದಿನೈದು ಜನ ಮೇಣದಬತ್ತಿ ಹಿಡಿದು ಮೌನವಾಗಿ ನಿಂತಿದ್ದರು. ಕಲ್ಲಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ಅದಕ್ಕೆ ಒರಗಿ ಒಂದು ಗೊಂಬೆ ಕರಡಿ. ಎರಡು ಕಡೆಯವರೂ ಎದುರಿನವರ ಪದ್ಧತಿ ವಿಚಿತ್ರವೆಂದುಕೊಂಡು, ಮರ್ಯಾದೆಗೆ ಸುಮ್ಮನಿದ್ದರು.

"ಅಪ್ಪಾ! ವಾಟ್ ಡಿಡ್ ಯೂ ಡೂ?"

"ಏನೂ ಮಾಡ್ಲಿಲ್ಲ ಪುಟ್ಟಾ. ಅದೇ ತಪ್ಪಾಗಿದ್ದು."

ಸಂಯುಕ್ತಾ ಆ ಗುಂಪನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಫೋನು ಜೇಬಿಗೆ ಹಾಕಿದಳು. "ಇಟ್ಸ್ ಓಕೆ, ಅಪ್ಪಾ. ಮನೇಗೆ ಹೋಗೋಣ," ಎಂದಳು.

ಕನ್ನಡ ಮಾತಾಡಲು ಹಿಂಜರಿಯುವ ಹುಡುಗಿ ಸಮಾಧಾನ ಹೇಳಲೆಂದು ಕನ್ನಡದಲ್ಲಿ ಮಾತಾಡಿದ್ದಳು. ವ್ಯಾಸರಾಜನಿಗೆ ಅದು ತಡೆಯಲಾಗಲಿಲ್ಲ.

"ಫೋನು ತೆಗಿ," ಎಂದವನೇ ನೇರವಾಗಿ ಎರಡು ಗುಂಪಿನ ನಡುವೆ ಹೋಗಿ ನಿಂತ. "ಎಲ್ರೂ ಕೇಳಿ. ಇದು ಹರಕೆ ಅಲ್ಲ. ನಾನು ಭಕ್ತಾನೂ ಅಲ್ಲ. ಈ ಕಲ್ಲು ಹಾರಕ್ಕೆ ಬಂದೋನು. ಹೇಳಕ್ಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ. ತಪ್ಪಾಯ್ತು. ಈಗ ಹಾರ್ತೀನಿ."

ಕನ್ನಡ ಅರಿಯದ ಅಮೇರಿಕನ್ನರು, ಅಗಲಿದವರ ಬಗ್ಗೆ ನಾಲ್ಕು ಮಾತು ಆಡುತ್ತಿದ್ದಾನೆಂದು ತಿಳಿದು ತಲೆ ಇನ್ನಷ್ಟು ತಗ್ಗಿಸಿದರು. ಭಜನೆ ನಿಂತಿತು.

"ದ್ಯಾವ್ರನ್ನ ದಾಟೋದಾ? ಪಾಪ ಬತ್ತದೆ ಕಣಪ್ಪಾ!" ಎಂದಳು ದೊಡ್ಡತಾಯಮ್ಮ.

"ಸುಮ್ಮನಿರವಾ," ಎಂದು ಬಂಗಾರೆವ್ವ ಎದ್ದು ನಿಂತಳು. "ಹನುಮಪ್ಪ ಸಮುದ್ರಾನ ಹಾರಿದಾಂವ. ಹಾರಾವ್ರನ್ನ ಕಂಡ್ರ ಅಂವಗ ಸಿಟ್ಟು ಬರ್ತೈತೇನು?" ಆಮೇಲೆ ಅವಳ ದನಿ ತಗ್ಗಿತು. "ನಮ್ಮ ಮನಿಯವರಿಗೆ ಭಾಳ ಚಂದ ಹಾಡಾಕ ಬರ್ತಿತ್ತೋ ತಮ್ಮಾ. ಯಾರರ ನಕ್ಕಾರಂತ ಒಮ್ಮಿನೂ ನಾಕು ಮಂದಿ ಮುಂದ ಹಾಡಲಿಲ್ಲ. ಹ್ವಾದ ವರ್ಷ ಹಂಗ ಹೋಗಿಬಿಟ್ರು. ನೀ ಹಾರು. ನಾ ನೋಡತೇನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು.

ವ್ಯಾಸರಾಜ ಬಾಳೆಹಣ್ಣನ್ನೂ ಕರಡಿಯನ್ನೂ ತೆಗೆದು ಕೆಳಗಿಟ್ಟ. ಹತ್ತು ಹೆಜ್ಜೆ ಹಿಂದೆ ಹೋದ. ಮೂವತ್ತು ಜೊತೆ ಕಣ್ಣು ಅವನ ಮೇಲಿತ್ತು. ಆಶ್ಚರ್ಯವೆಂದರೆ, ಕಾಲು ನೆಲಕ್ಕೆ ಅಂಟಲಿಲ್ಲ. ಓಡಿದ, ಕಲ್ಲಿನ ಮೇಲೆ ಅಂಗೈ ಊರಿದ, ಎರಡು ಕಾಲನ್ನೂ ಪಕ್ಕಕ್ಕೆ ಬೀಸಿದ. ಒಂದು ಕ್ಷಣ ಅವನ ಕೆಳಗೆ ಹೂವು, ಮೇಲೆ ಆಕಾಶ. ಆಚೆಗೆ ಬೆಕ್ಕಿನಂತೆ ಸದ್ದಿಲ್ಲದೆ ಇಳಿದ.

ಹಿರಿಯರು ಚಪ್ಪಾಳೆ ತಟ್ಟಿದರು. ಅಮೇರಿಕನ್ನರು ಬಿಕ್ಕಿದರು. "ಯೂ ಡಿಡ್ ಇಟ್!" ಎಂದು ಸಂಯುಕ್ತಾ ಕುತ್ತಿಗೆಗೆ ಜೋತುಬಿದ್ದಳು. ಐದು ಐವತ್ತಕ್ಕೆ ವಿಡಿಯೋ ಹೋಯಿತು. ಮನೆಯ ದಾರಿಯಲ್ಲಿ ವ್ಯಾಸರಾಜ, ಜನ ನೋಡುತ್ತಿದ್ದಂತೆಯೇ, ಎರಡು ಬೆಂಚು, ಒಂದು ಕಟ್ಟೆ ಹಾರಿದ. ಬೇಲಿಯ ಮೇಲಿಂದ ಮಾತಾಡಿಸಿದವರಿಗೆ ಕೈ ಬೀಸಿದ.

ಆರೂ ಇಪ್ಪತ್ತಕ್ಕೆ, ಕನ್ನಡ ಬಾರದ ಕೋಚಿನ ಉತ್ತರ ಇಂಗ್ಲಿಷಿನಲ್ಲಿ ಬಂತು.

"ವಿಡಿಯೋ ನೋಡಿ ಅತ್ತುಬಿಟ್ಟೆ. ಅಗಲಿದವರ ಸ್ಮಾರಕದ ಮೇಲಿಂದ ಹಾರಿ ಬೀಳ್ಕೊಡುವುದನ್ನು ಎಂದೂ ಕಂಡಿರಲಿಲ್ಲ. ಕಣ್ಣೊರೆಸಿಕೊಂಡ ಆ ವೃದ್ಧೆ ನಿಮ್ಮ ತಾಯಿಯೇ? ಇಂಥ ಸಮಯದಲ್ಲಿ ಭಾನುವಾರದ ಹೊರೆ ನಿಮಗೆ ಬೇಡ. ನಿಮ್ಮ ಜಾಗವನ್ನು ಬೇರೆ ಕುಟುಂಬಕ್ಕೆ ಕೊಟ್ಟಿದ್ದೇನೆ. ಮಗಳೊಂದಿಗೆ ವಿಶ್ರಾಂತಿ ತೆಗೆದುಕೊಳ್ಳಿ."

ವ್ಯಾಸರಾಜ ತಕ್ಷಣ ಫೋನು ಮಾಡಿದ. "ಯಾರೂ ಸತ್ತಿಲ್ಲ!" ಎಂದು ಕೂಗಿದ.

"ನನ್ನ ತಂದೆ ಹೋದಾಗ ನಾನೂ ಒಂದು ವಾರ ಹೀಗೇ ಹೇಳುತ್ತಿದ್ದೆ," ಎಂದ ಕೋಚು.

"ಅದು ಬರೀ ಕಲ್ಲು! ಕಲ್ಲು ಅಷ್ಟೇ!"

"ಹೌದು ಗೆಳೆಯಾ. ಕೊನೆಗೆ ನಮಗೆ ಉಳಿಯುವುದು ಅಷ್ಟೇ."

ಫೋನು ಕಟ್ಟಾಯಿತು. ಸಂಯುಕ್ತಾ ತನ್ನ ಕೋಣೆಗೆ ಹೋದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಹೆಂಡತಿ ಪದ್ಮಜಾ ಬಾಗಿಲು ತೆಗೆದಳು. ನಾಯಿಯ ಹೆಂಗಸು, ಅವಳ ಹಿಂದೆ ಬೀದಿಗೆ ಬೀದಿಯೇ, ಕೈಯಲ್ಲಿ ಸಾವಿನ ಮನೆಗೆಂದು ತಂದ ಬಿಸಿ ಪಾಸ್ತಾದ ತಟ್ಟೆಗಳು, ಬಾಯಲ್ಲಿ ಸಂತಾಪದ ಮಾತು.

"ರೀ," ಎಂದು ಪದ್ಮಜಾ ಬಿಳಿಚಿದ ಮುಖದಲ್ಲಿ ಒಳಗೆ ತಿರುಗಿದಳು, "ನಮ್ಮನೇಲಿ ಯಾರ್ರೀ ಹೋದ್ರು? ನಂಗ್ಯಾಕೆ ಹೇಳ್ಲಿಲ್ಲ?"

ಉತ್ತರ ಕೊಡುವ ಧೈರ್ಯ ವ್ಯಾಸರಾಜನಿಗೆ ಇರಲಿಲ್ಲ. ಆದರೆ ವಿದ್ಯೆ ಇತ್ತು. ಹಿತ್ತಲಿಗೆ ಓಡಿ, ಎದೆಮಟ್ಟದ ಬೇಲಿಗೆ ಕೈ ಊರಿ, ಒಂದೇ ನೆಗೆತಕ್ಕೆ ಆಚೆಯ ಕಾಲುದಾರಿಗೆ ಹಾರಿದ.

ಅಲ್ಲಿ ಬಂಗಾರೆವ್ವ ತನ್ನ ಇಡೀ ತಂಡದೊಂದಿಗೆ, ತೆಂಗಿನಕಾಯಿ ಹಿಡಿದು, ಅವನ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದಳು.

"ಛಲೋ ಆತು, ನೀನ ಹಾರಿ ಬಂದಿ," ಎಂದಳು. "ನಾಳೆ ಶನಿವಾರ, ಹನುಮಪ್ಪನ ವಾರ. ಮುಂಜಾನೆ ಆರಕ್ಕ ಹನ್ನೊಂದು ಸಲ ಹಾರಬೇಕು. ಮೆನ್ಲೋ ಪಾರ್ಕ್ ಊರಿನ ಮಂದಿಗೂ ಹೇಳಿ ಕಳಿಸೇವಿ."