ನಾಲ್ಕು ಗಾಲಿ ಜೀಪು, ಒಂದು ಹೀರೇಬಳ್ಳಿ

ಕೆಲವರ ಮನಿಗೆ ಹಾವು ಬರ್ತಾವ, ಕೆಲವರ ಮನಿಗೆ ಬೀಗರು ಬರ್ತಾರ. ನಮ್ಮ ಮನಿಗೆ ಬರೋದು ಬರೇ ಫಜೀತಿ, ಅದೂ ನಾ ಕೈಯಾಗ ನಟ್ಟು ತಿರುವೋ ಪಾನಾ ಹಿಡದಾಗ ಮಾತ್ರ.

ನಾ ದನದ ಡಾಕ್ಟರ್. ಮನಿ ಅಫಜಲಪುರದಾಗ. ಸುತ್ತಲಿನ ಹಳ್ಳಿ ಎಲ್ಲಾ ಎರಿ ಭೂಮಿ. ಮಳಿ ಬಿತ್ತಂದ್ರ ಹೊಲದ ಹಾದಿ ಕಾಲಿನ ಚಪ್ಪಲಿ ಇಸಗೊಂಡೇ ಕಳಸ್ತದ. ಒಂದು ಮಳಿಗಾಲದಾಗ ಮೋಟರ್ ಸೈಕಲ್ ಮ್ಯಾಲೆ ಒಂದು ಆಕಳ ನೋಡಾಕ ಹೊಂಟಿದ್ದೆ. ಗಾಲಿಗೆ ಮಣ್ಣು ಮೆತ್ತಿ ಗಾಡಿ ತಿರಗವಲ್ದು, ದಬ್ಬಕೋತ ಹೋದೆ. ಮುಟ್ಟೋದ್ರಾಗ ಆಕಳ ಜೀವ ಹೋಗಿಬಿಟ್ಟಿತ್ತು. ಆ ರೈತ ನನ್ನ ಒಳಗ ಕರದ. ಕೈಕಾಲಿಗೆ ನೀರು ಕೊಟ್ಟ, ಚಾ ಕೊಟ್ಟ. ಅವ ಬೈದಿದ್ರ ಛಲೋ ಇತ್ತು; ಆ ಚಾ ನನ್ನ ಗಂಟಲಾಗ ಇಳೀಲಿಲ್ಲ.

ಮುಂದಿನ ವಾರನ ಖಜೂರಿಗೆ ಹೋಗಿ ಒಂದು ಹಳೇ ಜೀಪು ತಂದೆ. ನನ್ನ ಲಗ್ನಕ್ಕಿಂತ ಹಳೇದು, ಖರೆ ಫೋರ್ ವ್ಹೀಲ್. ಅಂದ್ರ ಒಂದು ಲಿವರ್ ಎಳದ್ರ ಹಿಂದಿನ ಎರಡು ಗಾಲಿ ಅಷ್ಟೇ ಅಲ್ಲ, ಮುಂದಿನ ಎರಡಕ್ಕೂ ಇಂಜಿನ್ನಿನ ತಾಕತ್ತು ಹೋಗ್ತದ, ಕೆಸರು ಅನ್ನೋದು ಲೆಕ್ಕಕ್ಕಿಲ್ಲ. ಇಂಥಾ ಗಾಡಿ ಬಲ್ಲ ಮಿಸ್ತ್ರಿ ಇದ್ದದ್ದು ಆಳಂದದಾಗ. ಪ್ರತಿ ಸಲ ಅಲ್ಲೀತನಕ ಯಾರು ಹೋಗ್ಬೇಕು? ದನಾನೂ ತನ್ನ ಬ್ಯಾನಿ ಬಾಯಿಬಿಟ್ಟು ಹೇಳಂಗಿಲ್ಲ, ಜೀಪೂ ಹೇಳಂಗಿಲ್ಲ. ಅದನ್ನ ನೋಡಾವ ಇದನ್ನ ನೋಡಾಕ ಆಗಂಗಿಲ್ಲೇನು ಅಂತ ನಾನೇ ಕೈ ಹಾಕಿದೆ.

೧. ಅವಸರ

ಮೊದಲು ಮುಂದ ಎರಡು ದೊಡ್ಡ ಲೈಟ್ ಕೂಡಿಸಿದೆ. ವೈರ್ ನಾಲ್ಕಿದ್ವು, ಕೂಡಿಸೋ ಜಾಗ ಐದು. ಹೆಂಗೋ ಕೂಡಿಸಿ, ಮರುದಿನ ಜೇವರ್ಗಿಗೆ ಹೆಂಡತಿಯ ಕಾಕಾನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕ ಹೊಂಟ್ವಿ. ಆಕಿ ರೇಷ್ಮಿ ಸೀರಿ ಉಟ್ಟು, ಮಡಿಲಾಗ ಕೂಸಿನ ಕುಂಚಿಗಿ-ಕುಲಾಯಿ ಇಟಗೊಂಡು ಕುಂತಿದ್ಲು.

ಊರು ದಾಟೋದ್ರಾಗ ಗೊತ್ತಾತು: ಬ್ರೇಕ್ ಒತ್ತಿದರ ಹಾರ್ನ್ ಹೊಡೀತದ. ಬಿಟ್ಟರ ನಿಲ್ತದ. ಹಾದಿ ಉದ್ದಕ್ಕೂ ಪ್ರತಿ ತಗ್ಗಿಗೆ 'ಭೋಂ', ಪ್ರತಿ ಎಮ್ಮಿಗೆ 'ಭೋಂ'. ಹೆಂಡತಿ ಸೆರಗು ತಲಿ ಮ್ಯಾಲೆ ಎಳಕೊಂಡ್ಲು, ಯಾರೂ ಗುರುತು ಹಿಡೀಬಾರದು ಅಂತ.

ಜೇವರ್ಗಿ ಹತ್ರ ಬಂದ್ವಿ. ಮುಂದ ಒಂದು ಹೆಣದ ಮೆರವಣಿಗಿ ಹೊಂಟದ. ದಾಟಿ ಹೋಗಾಕ ಜಾಗ ಇಲ್ಲ. ಮಂದಿ ಸಾವಕಾಶ ನಡದಾರ, ನಾನೂ ಸಾವಕಾಶ ಹೋಗ್ಬೇಕು. ಸಾವಕಾಶ ಹೋಗ್ಬೇಕಂದ್ರ ಬ್ರೇಕ್ ಒತ್ತಬೇಕು. ಬ್ರೇಕ್ ಒತ್ತಿದರ... ಭೋಂ! ಮಂದಿ ಎಲ್ಲಾ ತಿರುಗಿ ನೋಡಿದ್ರು. ನಾ ಬ್ರೇಕಿನ ಮ್ಯಾಲಿನ ಕಾಲು ತಗದೆ. ಹತ್ತು ಹೆಜ್ಜಿ ಆದ ಮ್ಯಾಲೆ ಮತ್ತ ಭೋಂ!

ಬಿಳಿ ಪಟಗಾ ಸುತ್ತಿದ ಮುದುಕ ಒಬ್ಬ ಸಾವಕಾಶ ನಡಕೋತ ನನ್ನ ಕಿಟಕಿ ಹತ್ರ ಬಂದ.

"ತಮ್ಮಾ, ಹೋಗಾಂವಗೇ ಅವಸರ ಇಲ್ಲ. ನಿನಗ್ಯಾಕಪಾ?"

ಹೆಂಡತಿ ಅಲ್ಲೇ ಇಳದು ನಡಕೋತ ತೊಟ್ಟಿಲಿಗೆ ಹೋದ್ಲು. ಮನಿಗೆ ಬಂದ ಮ್ಯಾಲೆ ಒಂದ ಮಾತು ಹೇಳಿದ್ಲು. "ಏನ್ರೀ, ಈ ಮಳಿಗಾಲ ಮುಗಿಯೋದ್ರಾಗ ಇದು ಇನ್ನೊಮ್ಮೆ ಹಾದ್ಯಾಗ ಕೈ ಕೊಟ್ಟಿತೋ, ಗುಜರಿಗೆ. ನಿಮ್ಮ ಜೀಪಿನ ಆಣಿ ಮಾಡಿ ಹೇಳ್ತೇನಿ, ಬಿಡಂಗಿಲ್ಲ."

ಗುಜರಿಯವ ಹಿಂದಿನ ಓಣಿಯಾಂವ. ಆ ಮಾತು ಅವನ ಕಿವಿಗೆ ಹೆಂಗ ಮುಟ್ಟಿತೋ ಏನೋ, ಮರುದಿನದಿಂದ ಅವ ನಮ್ಮ ಮನಿ ಮುಂದ ಹಾಯ್ದಾಗೆಲ್ಲ ಸಲಾಮ್ ಮಾಡೋದು ನನಗಲ್ಲ, ಜೀಪಿಗೆ.

೨. ಎಷ್ಟನೇ ತಿಂಗಳು?

ಹಾರ್ನ್ ಸರಿ ಮಾಡಿದೆ. ಆಗ ಕೆಳಗಿಂದ 'ಕಟಕಟ' ಅನ್ನೋ ಸಪ್ಪಳ ಶುರುವಾತು. ಎಲ್ಲಿಂದ ಅಂತ ತಿಳೀವಲ್ದು. ಹಾದ್ಯಾಗ ನಿಂತುಬಿಟ್ರ ಜೀಪಿನ ಕಥಿ ಮುಗೀತು. ಕಡೀಕ ಇಂಜಿನ್ ಚಾಲೂ ಇಟ್ಟು, ಜೀಪಿನ ಕೆಳಗ ಅಂಗಾತ ಮಲಗಿ, ಸ್ಟೆತಸ್ಕೋಪ್ ಕಿವಿಗೆ ಹಾಕ್ಕೊಂಡು ಗೇರ್ ಬಾಕ್ಸಿನ ಹೊಟ್ಟಿ ಮ್ಯಾಲೆ ಇಟ್ಟೆ.

ಬಾಜೂ ಮನಿ ಆಯಿ, ಎಂಬತ್ತು ದಾಟಿದಾಕಿ, ಕಂಪೌಂಡಿನ ಮ್ಯಾಲಿಂದ ಬಗ್ಗಿ ನೋಡಿದ್ಲು.

"ಏನ್ ಮಾಡಾಕತ್ತೀಪಾ?"

"ಒಳಗಿನ ಸಪ್ಪಳ ಕೇಳಾಕತ್ತೇನಿ ಆಯಿ."

ಆಯಿ ಜೀಪನ್ನ ಈ ತುದಿಯಿಂದ ಆ ತುದಿತನಕ ನೋಡಿ, ದನಿ ಸಣ್ಣ ಮಾಡಿ ಕೇಳಿದ್ಲು: "ಎಷ್ಟನೇ ತಿಂಗಳು?"

ಸಪ್ಪಳ ಬರಾಕತ್ತಿದ್ದು ಮುಂದಿನ ಶಾಫ್ಟಿನಿಂದ ಅನಸ್ತು. ಗೇರ್ ಬಾಕ್ಸಿನಿಂದ ಮುಂದಿನ ಗಾಲಿಗೆ ತಾಕತ್ತು ಒಯ್ಯೋ ಕಬ್ಬಿಣದ ರಾಡು ಅದು. ಖಾತ್ರಿ ಮಾಡ್ಕೊಳ್ಳಾಕ ಅದನ್ನ ಬಿಚ್ಚಿ ಹಿತ್ತಲದ ಗ್ವಾಡಿಗೆ ಆನಿಸಿಟ್ಟು, ಒಂದು ಸುತ್ತು ಹೊಡದು ಬಂದೆ. ಸಪ್ಪಳ ಬಂದ್! ಹೆಂಡತಿನ್ನ ಕರದು ಕೂಡಿಸ್ಕೊಂಡು ಇನ್ನೊಂದು ಸುತ್ತು ಹಾಕಿದೆ. "ಖರೇನ, ಸಪ್ಪಳ ಇಲ್ಲ ನೋಡ್ರಿ," ಅಂದ್ಲು. ಆಕಿ ಬಾಯಾಗ ಜೀಪಿನ ಬಗ್ಗೆ ಒಳ್ಳೆ ಮಾತು ಬಂದದ್ದು ಅದೇ ಮೊದಲು. ಆ ಖುಷಿಯೊಳಗ ಶಾಫ್ಟ್ ತಿರುಗಿ ಕೂಡಿಸ್ಬೇಕು ಅನ್ನೋದು ನನ್ನ ತಲಿಯಿಂದ ಪೂರಾ ಹಾರಿಹೋತು.

೩. ಸೂಜಿ

ಗೇರ್ ಬಾಕ್ಸಿಗೆ ಎಣ್ಣಿ ಹಾಕೋ ತೂತು ಮಗ್ಗಲಿಗೆ ಇರ್ತದ, ಲಾಳಿಕಿ ಹಿಡಸಂಗಿಲ್ಲ. ಹಳೇದಾಗಿ ಮೂಲ್ಯಾಗ ಬಿದ್ದಿದ್ದ ದನದ ದೊಡ್ಡ ಸಿರಿಂಜ್ ಒಂದಿತ್ತು. ಅದನ್ನ ಜೀಪಿಗೇ ಅಂತ ಬ್ಯಾರೆ ಇಟ್ಟಿದ್ದೆ. ಅದರಾಗ ಎಣ್ಣಿ ಎಳದು ಜೀಪಿಗೆ ಏರಸಾಕತ್ತಿದ್ದೆ, ಸೊನ್ನ ಅನ್ನೋ ಹಳ್ಳಿಯ ರೈತ ಒಬ್ಬ ಎಮ್ಮಿಗೆ ಜ್ವರ ಅಂತ ಕರ್ಯಾಕ ಬಂದ. ಮೂರು ಸಿರಿಂಜ್ ಮುಗಿಯೋತನಕ ನಿಂತು ನೋಡಿದ.

ಅವನ ಕೊಟ್ಟಿಗ್ಯಾಗ ನಾ ಬ್ಯಾಗಿನಿಂದ ಹೊಸಾ ಸಿರಿಂಜ್ ತಗದೆ. ಅವ ಎಮ್ಮಿಗೆ ಅಡ್ಡ ನಿಂತುಬಿಟ್ಟ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಮ್ಮದು ಮೇವಿನ ಮ್ಯಾಲೆ ನಡೀತದ. ಆ ಎಣ್ಣಿ ಹಾಕಿ ಒಮ್ಮೆ ಚಾಲೂ ಆತಂದ್ರ, ಬಂದ್ ಮಾಡೋದು ಹೆಂಗ್ರಿ?"

೪. ಖರೇ ಫೋರ್ ವ್ಹೀಲ್

ಮಳಿಗಾಲ ಮುಗಿಯಾಕ ಇನ್ನ ಸ್ವಲ್ಪ ದಿನ ಇದ್ವು. ಜೀಪು ಒಮ್ಮೆನೂ ಕೈ ಕೊಟ್ಟಿರಲಿಲ್ಲ. ಖರೇ ಹೇಳ್ಬೇಕಂದ್ರ, ಕೆಸರಿಗೆ ಹೋಗೋ ಪ್ರಸಂಗನ ಬಂದಿರಲಿಲ್ಲ. ಮೂರು ದಿನ ಜಿಟಿಜಿಟಿ ಮಳಿ ಹಿಡದ ಮ್ಯಾಲೆ, ಒಂದು ಮುಂಜಾನೆ ಅದೇ ಸೊನ್ನದ ರೈತನ ಫೋನ್ ಬಂತು.

"ಸಾಹೇಬ್ರ, ಎಮ್ಮಿ ಈಯಾಕತ್ತದ. ನೀರೊಡದು ಎರಡು ತಾಸಾತು. ಒಂದ ಕಾಲು ಹೊರಗ ಬಂದದ, ತಲಿ ಕಾಣವಲ್ದು. ಜಲ್ದಿ ಬರ್ರಿ, ನಮ್ಮವ್ವ ಅಳಾಕತ್ತಾಳ."

ಒಂದ ಕಾಲು ಅಂದ್ರ ಕರು ಒಳಗ ಡೊಂಕಾಗ್ಯದ. ತಡಾ ಆದ್ರ ಕರು ಹೋಗ್ತದ, ಅದರ ಹಿಂದ ಎಮ್ಮಿನೂ. ನನ್ನ ಕಣ್ಣ ಮುಂದ ಆಕಳ ಸತ್ತ ಮನಿಯ ಆ ಚಾ ಬಂತು. ಜೀಪು ಹತ್ತಿದಾಂವ ಡಾಂಬರು ಬಿಟ್ಟು ಹೊಲದ ಹಾದಿಗೆ ಇಳದು, ಲಿವರ್ ಎಳದು, "ಬಾ ನನ್ನ ರಾಜಾ" ಅಂದೆ.

ನೂರು ಹೆಜ್ಜಿ ಹೋಗಿರಬೇಕು. ಜೀಪು ಎಮ್ಮಿ ಹೊಂಡದಾಗ ಕುಂತಂಗ ಕುಂತುಬಿಟ್ತು. ಇಂಜಿನ್ ಒದರ್ತದ, ಹಿಂದ ಕೆಸರು ಹಾರ್ತದ, ಗಾಡಿ ಹಂದವಲ್ದು. ಎದುರಿಗೆ ಆ ರೈತ ಎತ್ತಿನ ಬಂಡಿ ಹೊಡಕೊಂಡು ಬಂದ, ನನ್ನ ಹಾದಿ ನೋಡಿ ಸಾಕಾಗಿ. ಇಳದು ಗಾಲಿ ಕಡೆ ಬಗ್ಗಿ ನೋಡಿದ.

"ಸಾಹೇಬ್ರ, ಹಿಂದಿನವು ತಿರಗಾಕತ್ತಾವ. ಮುಂದಿನವು ಸುಮ್ನೆ ಕುಂತಾವಲ್ರಿ?"

ಕೆಸರಿನಾಗ ಮಲಗಿ ಬಗ್ಗಿ ನೋಡಿದೆ. ಶಾಫ್ಟ್ ಇರಬೇಕಾದ ಜಾಗ ಖಾಲಿ. ಬಂಡಿ ಹತ್ತಿ, ಬ್ಯಾಗ್ ತೊಡಿ ಮ್ಯಾಲೆ ಇಟಗೊಂಡು, ಹೆಂಡತಿಗೆ ಫೋನ್ ಹಚ್ಚಿದೆ.

"ಹಿತ್ತಲದಾಗ ಗ್ವಾಡಿಗೆ ಒಂದು ಕಬ್ಬಿಣದ ರಾಡು ಇಟ್ಟಿದ್ದೆ. ಅದು ಅಲ್ಲೇ ಅದ ಏನು?"

"ಅಯ್ಯ, ಅದಾ? ಹೀರೇಬಳ್ಳಿ ಚಪ್ಪರದ ಗಳಾ ಬುಡಕ್ಕ ಕೊಳತಿತ್ತು, ಅದಕ್ಕ ಆಸರ ಅಂತ ಹುಗದೀನಿ. ಭಾಳ ಗಟ್ಟಿ ಅದ. ಯಾಕ, ಬೇಕಾಗಿತ್ತೇನು?"

"ಇಲ್ಲಿಲ್ಲ, ಸುಮ್ನೆ ಕೇಳ್ದೆ."

ಆಕಿ ಕೇಳಿದ್ಲು: "ಏನ್ರೀ, ನಿಮ್ಮ ಜೀಪಿಗೆ ಎತ್ತಿನ ಗಂಟಿ ಯಾವಾಗ ಕಟ್ಟಿದ್ರಿ?"

ಫೋನ್ ಇಟ್ಟುಬಿಟ್ಟೆ.

ಕೊಟ್ಟಿಗ್ಯಾಗ ಎಮ್ಮಿ ಕಣ್ಣು ಮ್ಯಾಲೆ ಮಾಡಿ ಮಲಗಿತ್ತು. ರೈತನ ತಾಯಿ ಅದರ ತಲಿ ತೊಡಿ ಮ್ಯಾಲೆ ಇಟಗೊಂಡು ಬಸವಣ್ಣನ್ನ ನೆನಿಯಾಕತ್ತಿದ್ಲು. ನಾ ಭುಜದತನಕ ಕೈ ಹಾಕಿದೆ. ಕರುವಿನ ತಲಿ ಹಿಂದಕ್ಕ ಹೊರಳಿತ್ತು, ಇನ್ನೊಂದು ಕಾಲು ಮಡಚಿತ್ತು. ಎಮ್ಮಿ ಮುಕ್ಕರಿಸಿದಾಗೆಲ್ಲ ನನ್ನ ಕೈ ಮುರದಂಗ ಆಗ್ತಿತ್ತು. ಎಷ್ಟೊತ್ತು ಹಿಡೀತೋ ಗೊತ್ತಿಲ್ಲ, ಮೊದಲು ಕಾಲು ಸಿಕ್ತು, ಆಮ್ಯಾಲೆ ತಲಿ ತಿರಗ್ತು. ನಾನೂ ರೈತನೂ ಹಗ್ಗ ಹಾಕಿ ಎಳದ್ವಿ. ಕರು ಬಿತ್ತು, ಆದ್ರ ಉಸಿರಿಲ್ಲ. ಮೂಗಿನಾಗ ಹುಲ್ಲಿನ ಕಡ್ಡಿ ಆಡಿಸಿದೆ, ಗೋಣಿತಟ್ಟಿನಿಂದ ತಿಕ್ಕಿದೆ, ಮತ್ತ ತಿಕ್ಕಿದೆ.

ಕರು ಸೀನ್ತು.

ಮುದುಕಿ ಕರುವನ್ನೂ ನನ್ನೂ ಕೂಡೇ ತಬ್ಬಿಕೊಂಡು ಅತ್ಲು. ನನಗೂ ಕಣ್ಣೀರು ಬಂದ್ವು. ಚಾ ಕೊಟ್ರು. ಆ ಚಾ ಇಳೀತು.

ಆಮ್ಯಾಲೆ ರೈತ ಎತ್ತು ಹೂಡಿ ಜೀಪಿನ ಮೂತಿಗೆ ಹಗ್ಗ ಕಟ್ಟಿದ. ನಾ ಒಳಗ ಕುಂತು ಆಕ್ಸಿಲರೇಟರ್ ಒತ್ತಿದೆ, ಅವ ಎತ್ತಿಗೆ "ಹೈ, ಹೈ" ಅಂದ. ಗಾಡಿ ಹಂದ್ತು. ಡಾಂಬರು ಮುಟ್ಟಿದ ಮ್ಯಾಲೆ ಎತ್ತಿನ ಬೆನ್ನು ಚಪ್ಪರಿಸಿ ಅಂದ:

"ಹಿಂದಿನವು ಎರಡು ನಿಮ್ಮ ಇಂಜಿನ್ನಿಗೆ ತಿರಗಿದ್ವು, ಮುಂದಿನವು ಎರಡು ನಮ್ಮ ಎತ್ತಿಗೆ. ಈಗ ಖರೇ ಫೋರ್ ವ್ಹೀಲ್ ಆತು ನೋಡ್ರಿ ಸಾಹೇಬ್ರ."

೫. ಚಪ್ಪರ

ಮರುದಿನ ಮುಂಜಾನೆ ಹೆಂಡತಿ ಗುಜರಿಯವನನ್ನ ಕರಸಿದ್ಲು. ಮಾತಂದ್ರ ಮಾತು. ನಾ ಜೀಪಿನ ಬಾಜೂಕ ತಪ್ಪು ಮಾಡಿದ ಹುಡುಗನಂಗ ನಿಂತಿದ್ದೆ. ಗುಜರಿಯವ ಜೀಪಿನ ಸುತ್ತ ಒಂದು ಪ್ರದಕ್ಷಿಣಿ ಹಾಕಿದ, ಕೆಳಗ ಬಗ್ಗಿದ, ಎದ್ದ.

"ಅಕ್ಕಾ, ಮುಂದಿನ ಶಾಫ್ಟ್ ಎಲ್ಲದ? ಅರ್ಧಮರ್ಧ ಮಾಲ್ ನಾ ಒಯ್ಯಂಗಿಲ್ಲ. ಪೂರಾ ಸಾಮಾನ್ ಕೊಡ್ರಿ, ಈಗ್ಲೇ ಒಯ್ತೇನಿ."

ಹೆಂಡತಿ ಹಿತ್ತಲಕ್ಕ ಹೋದ್ಲು. ನಾನೂ ಜೀವ ಕೈಯಾಗ ಹಿಡಕೊಂಡು ಹಿಂದ ಹೋದೆ, ಗುಜರಿಯವನೂ ಬಂದ. ಶಾಫ್ಟಿನ ಮೈಗೆ ಬಳ್ಳಿ ಮೂರು ಸುತ್ತು ಸುತ್ತಿಕೊಂಡು ಮ್ಯಾಲೆ ಏರಿತ್ತು. ಚಪ್ಪರದ ತುಂಬ ಹಳದಿ ಹೂ, ಬೆರಳಿನಷ್ಟು ಬೆರಳಿನಷ್ಟು ಹೀಚು. ಆಕಿ ಒಂದು ಹೀಚು ಮುಟ್ಟಿ ನೋಡಿದ್ಲು.

ಅಷ್ಟರಾಗ ಹಿತ್ತಲ ಬಾಗಲದಾಗ ಸೊನ್ನದ ರೈತ ಬಂದ. ಕೈಯಾಗ ಗಿಣ್ಣದ ಹಾಲಿನ ಚರಿಗಿ. "ತಾಯಿ, ನಮ್ಮವ್ವ ಕಳಸ್ಯಾಳ್ರಿ. ಸಾಹೇಬ್ರು ಬರದಿದ್ರ ಎರಡೂ ಜೀವ ಹೋಗ್ತಿದ್ವು," ಅಂದ.

ಹೆಂಡತಿ ಚರಿಗಿ ಇಸಗೊಂಡ್ಲು. ನನ್ನ ಮಾರಿ ನೋಡಿದ್ಲು, ಬಳ್ಳಿ ನೋಡಿದ್ಲು, ಗುಜರಿಯವಗ ಹೇಳಿದ್ಲು: "ಕಾಯಿ ಬಿಡೋ ಬಳ್ಳಿ ನಾ ಕೀಳಂಗಿಲ್ರಿ. ಬಳ್ಳಿ ಒಣಗಿದ ಮ್ಯಾಲೆ ಬರ್ರಿ."

ಗುಜರಿಯವ ಈಗೂ ದಿನಾ ಹಾಯ್ತಾನ. ಸಲಾಮ್ ಮಾತ್ರ ಜೀಪಿಗಲ್ಲ, ಕಂಪೌಂಡಿನ ಮ್ಯಾಲಿಂದ ಬಗ್ಗಿ ಬಳ್ಳಿಗೆ. ನಾನಂತೂ ಹುಟ್ಟಿದಾಗಿಂದ ಹೀರೇಕಾಯಿ ಪಲ್ಯ ಮುಟ್ಟಿದಾಂವಲ್ಲ. ಈಗ ದಿನಾ ಎರಡು ರೊಟ್ಟಿ ಜಾಸ್ತಿ ತಿಂದು "ಭಾಳ ಛಲೋ ಆಗ್ಯದ" ಅಂತೇನಿ. ಮುಂಜಾನೆ ಎದ್ದ ಕೂಡಲೇ ಜೀಪಿನ ಎಣ್ಣಿ ನೋಡೋದು ಬಿಟ್ಟೇನಿ, ಕೊಡ ತುಂಬಿ ಬಳ್ಳಿಗೆ ನೀರು ಹಾಕತೇನಿ. ಮೊನ್ನೆ ಒಂದು ಎಲಿ ಹಳದಿ ಆಗಿತ್ತು. ಯಾರೂ ನೋಡೋಕಿಂತ ಮೊದಲು ಕಿತ್ತು ಕಿಸೆದಾಗ ಹಾಕ್ಕೊಂಡೆ.